ಕಾಪಿ ಮಾಡಬೇಡಿ ಅಂತ ಎಲ್ಲರೂ ಹೇಳ್ತೇವೆ, ಆಕರ ಬರೆಯೂದು ಹೇಗೆ ಅಂತ ಕಲಿಸಿದವರು ಯಾರು?

ಶಿರಸಿ_ಕನ್ನಡಮೇಡಂ

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆ ಒಂದು ಡಿಗ್ರಿ ಕಾಲೇಜಲ್ಲಿ ಕನ್ನಡ ಪಾಠ ಮಾಡ್ತೇನೆ. ಬಿಎ ಕೊನೇ ವರ್ಷದವರಿಗೆ ಅಪ್ಪಿಕೋ ಚಳವಳಿ (ಮರ ತಬ್ಬಿ ನಿಂತು ಕಡಿಯೂದನ್ನ ತಡೆದದ್ದು) ಮೇಲೆ ನಾಲ್ಕು ಪುಟದ ಅಸೈನ್‌ಮೆಂಟ್ ಕೊಟ್ಟಿದ್ದೆ. 1983ರಲ್ಲಿ ಇಲ್ಲೇ ನಮ್ಮ ಸಾಲ್ಕಣಿಲಿ ಶುರುವಾದದ್ದು, ಅದನ್ನ ಕಣ್ಣಾರೆ ಕಂಡವರು ಸುಮಾರು ಮಕ್ಕಳ ಮನೆಯಲ್ಲೋ ನೆಂಟರ ಪೈಕಿಯಲ್ಲೋ ಇನ್ನೂ ಇದ್ದಾರೆ, ಕೇಳಿಕೊಂಡು ಚೊಲೋ ಬರೀತಾರೆ ಅಂತ ಆಸೆ ಇಟ್ಕೊಂಡಿದ್ದೆ.

42 ಬಂತು, 17ರಲ್ಲಿ ಮೊದಲ ಪ್ಯಾರಾ ಅಕ್ಷರಕ್ಕಕ್ಷರ ಒಂದೇ. ಒಬ್ಬಳದ್ದು ನೀಲಿ ಇಂಕು, ಮುತ್ತು ಪೋಣಿಸಿದ ಹಾಗೆ ಬರಹ. ಎರಡನೇ ಪ್ಯಾರಾ ಮುಗೀತಿದ್ದ ಹಾಗೆ "ಇದನ್ನೂ ಓದಿ" ಅಂತ ಬರೆದು, ಅದರ ಮುಂದೆ ಅಡಿಕೆ ರೇಟಿನ ಯಾವುದೋ ಸುದ್ದಿಯ ಹೆಡ್ಡಿಂಗನ್ನೂ ಬರೆದು, ಸ್ಕೇಲ್ ಇಟ್ಟು ಅಡಿಗೆರೆ ಹಾಕಿ, ಆಮೇಲೆ ಚಳವಳಿ ಮುಂದುವರಿಸಿದ್ದಾಳೆ. ಪೇಪರಿನವರ ವೆಬ್‌ಸೈಟಲ್ಲಿ ನಡುವೆ ಬರ್ತದಲ್ಲ ಆ ಲಿಂಕು, ಅದೂ ಸೇರಿ ಇಳಿದಿದೆ.

ಕರೆದು ಕೇಳಿದೆ. ಅವಳು ಹೇಳಿದ್ದು ಇಷ್ಟೇ, "ಮೇಡಂ ಕಾಪಿ ಹೊಡೆದಿಲ್ಲ, ಎರಡು ರಾತ್ರಿ ಕೂತು ಕೈಯಲ್ಲೇ ಬರ್ದಿದ್ದು." ಸುಳ್ಳು ಹೇಳ್ತಿರಲಿಲ್ಲ ಅವಳು, ಮುಖ ನೋಡಿದ್ರೇ ಗೊತ್ತಾಗ್ತಿತ್ತು. ಅವಳ ಲೆಕ್ಕದಲ್ಲಿ ಕಾಪಿ ಅಂದ್ರೆ ಪರೀಕ್ಷೆಲಿ ಚೀಟಿ ಇಡೂದು, ಪಕ್ಕದವರ ಪೇಪರ್ ನೋಡೂದು. ಒಂದನೇ ಕ್ಲಾಸಿಂದ ಬೋರ್ಡ್ ನೋಡಿ ಬರೆ, ಗೈಡ್ ನೋಡಿ ಬರೆ, ಹಾಗೇ ಬರೆದ್ರೆ ಪೂರ್ತಿ ಮಾರ್ಕು ಅಂತ ಕಲಿಸಿದ್ದು ನಾವೇ ಅಲ್ವಾ. ಈಗ ಸೊನ್ನೆ ಹಾಕಿ ಕಳಿಸೂಕೆ ನನಗೆ ಮನಸ್ಸಾಗ್ಲಿಲ್ಲ, ಹಾಳೆಗಳು ಇನ್ನೂ ಮೇಜಿನ ಮೇಲೆ ಹಾಗೇ ಇವೆ. ನೀವೆಲ್ಲ ಎಂತ ಮಾಡ್ತೀರಿ? ಬೈದು ಅಲ್ಲ, ಕಲಿಸೂದು ಹೇಗೆ? ಕನ್ನಡದಲ್ಲಿ ಬರೆಯೋ ಮಕ್ಕಳಿಗೆ, ನಮ್ಮ ಜಿಲ್ಲೆಯ ವಿಷಯಗಳಿಗೆ ಹೊಂದೋ ಹಾಗೆ ಹೇಳಿ ದಯವಿಟ್ಟು.

ಕಾಳಿ_ದಂಡೆ

ಮೇಡಂ ಓದಿ ಹೊಟ್ಟೆ ಚುರುಕ್ ಅಂತು, ಎಂಎ ಮೊದಲ ಸೆಮಿಸ್ಟರ್ ತನಕ ನಾನೂ ಅದೇ ಹುಡುಗಿ. ನಮ್ಮ ಮನೆ ಕಾರವಾರ, ಹಿಸ್ಟರಿ ಎಂಎ ಮಾಡಿದ್ದು ಧಾರವಾಡದಲ್ಲಿ. ಸೆಮಿನಾರಿಗೆ "ಟ್ಯಾಗೋರ್ ಮತ್ತು ಕಾರವಾರ" ತಗೊಂಡಿದ್ದೆ, ದಿನಾ ಬೀಚಿಗೆ ಹೋಗೋಳಲ್ವಾ, ಈಸಿ ಆಗ್ತದೆ ಅಂದ್ಕೊಂಡೆ. ನೆಟ್ಟಲ್ಲಿ ಹತ್ತು ಕಡೆ ಟ್ಯಾಗೋರ್ ಹೇಳಿದ್ದು ಅಂತ ಒಂದು ಸುಂದರ ವಾಕ್ಯ ಇತ್ತು, ಹಾಕಿಬಿಟ್ಟೆ. ನಮ್ಮ ಸರ್ ಒಂದೇ ಪ್ರಶ್ನೆ ಕೇಳಿದ್ರು, "ಎಲ್ಲಿ ಹೇಳಿದ್ದು? ಯಾವ ಪುಸ್ತಕ, ಯಾವ ಪುಟ?" ನಾನು ಸುಮ್ನೆ ನಿಂತೆ. ಅವರು ಬೈಲಿಲ್ಲ, ಹುಡುಕಿಕೊಂಡು ಬಾ ಒಂದು ವಾರ ಟೈಮ್ ಇದೆ ಅಂದ್ರು.

ಹತ್ತೂ ಸೈಟು ತೆಗೆದು ನೋಡಿದೆ, ಒಂದರಲ್ಲೂ ಪುಟ ಇಲ್ಲ, ಒಬ್ಬರಿಂದ ಒಬ್ಬರು ಎತ್ತಿದ್ದು ಅಷ್ಟೇ. ಕೊನೆಗೆ ಲೈಬ್ರರಿಲಿ ಅವರ ಜೀವನಸ್ಮೃತಿಯ ಇಂಗ್ಲಿಷ್ ಅನುವಾದ ಸಿಕ್ತು, 1917ರದ್ದು. ಅದರಲ್ಲಿ ಕಾರವಾರದ್ದೇ ಒಂದು ಅಧ್ಯಾಯ ಇದೆ ಗೊತ್ತಾ! ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದಾಗ ಬಂದದ್ದು, ದಂಡೆ ಮೇಲಿನ ಗಾಳಿಮರದ ತೋಪು, ಬೆಳದಿಂಗಳ ರಾತ್ರಿ ಸಣ್ಣ ದೋಣಿಲಿ ಕಾಳಿ ನದಿ ಮೇಲೆ ಹೋದದ್ದು, ಶಿವಾಜಿ ಕಾಲದ ಕೋಟೆ ನೋಡಿದ್ದು, ಒಬ್ಬ ರೈತನ ಮನೆಯ ಗುಡಿಸಿ ಚೊಕ್ಕ ಮಾಡಿದ ಅಂಗಳದಲ್ಲಿ ಕೂತದ್ದು. ನಾನು ಹಾಕಿದ್ದ ವಾಕ್ಯ ಮಾತ್ರ ಆ ಅಧ್ಯಾಯದಲ್ಲಿ ಎಲ್ಲೂ ಸಿಗ್ಲಿಲ್ಲ.

ಅದಕ್ಕಿಂತ ದೊಡ್ಡದು ಇನ್ನೊಂದು ಗೊತ್ತಾಯ್ತು, ಅವರು ಇಲ್ಲಿ ಇದ್ದದ್ದು 1880ರ ದಶಕದಲ್ಲಿ, ಇಪ್ಪತ್ತು ಚಿಲ್ಲರೆ ವಯಸ್ಸು, ಆ ಪುಸ್ತಕ ಬರೆದದ್ದು ಐವತ್ತರ ಹತ್ತಿರ. ಅಂದ್ರೆ ನಾನು ಓದ್ತಾ ಇರೋದು ಸುಮಾರು ಮೂವತ್ತು ವರ್ಷದ ನಂತರದ ನೆನಪು. ಇದು ಆಕರ ಹುಡುಕದೇ ಇದ್ರೆ ಹೊಳೀತಿತ್ತಾ? ಅಲ್ಲಿವರೆಗೆ ಅಡಿಟಿಪ್ಪಣಿ ಅಂದ್ರೆ ಮೇಷ್ಟ್ರ ಸಮಾಧಾನಕ್ಕೆ ಕೆಳಗೆ ಹಾಕೋದು ಅಂದ್ಕೊಂಡಿದ್ದೆ. ಅವತ್ತಿಂದ ನಾನೇ ಮೊದಲು ಕೆಳಗೆ ನೋಡ್ತೇನೆ. ಹಾಗಾಗಿ ನಿಮ್ಮ ಮಕ್ಕಳಿಗೂ "ಎಲ್ಲಿ ಹೇಳಿದ್ದು" ಅಂತ ಒಂದು ವಾಕ್ಯ ಹಿಡಿದು ಹುಡುಕೂಕೆ ಕಳಿಸಿ ಮೇಡಂ, ಒಂದೇ ವಾಕ್ಯ ಸಾಕು.

ಕುಮಟಾ_ಗ್ರಂಥಪಾಲಕ

ಈ ತಂಗಿ ಹೇಳಿದ್ದು ಸರಿ. ನಾನು ಲೈಬ್ರರಿಲಿ ಇರುವವ, ದಿನಾ ನೋಡುದು ಏನಂದ್ರೆ ಮಕ್ಕಳು ಪುಸ್ತಕ ತಗೊಂಡು ಮೊಬೈಲಲ್ಲಿ ಪಟಪಟ ಫೋಟೋ ಹೊಡೀತಾರೆ, ಬೇಕಾದ ಎಂಟು ಪುಟ ಮಾತ್ರ. ಮುಖಪುಟ ಇಲ್ಲ, ಅದರ ಹಿಂದಿನ ಪುಟ ಇಲ್ಲ, ಎಷ್ಟೋ ಸಲ ಪುಟದ ನಂಬರೂ ಫೋಟೋದಲ್ಲಿ ಕಟ್ಟಾಗಿರ್ತದೆ. ಎರಡು ತಿಂಗಳು ಬಿಟ್ಟು ಬರ್ತಾರೆ, "ಸರ್ ಒಂದು ಹಸಿರು ಬಣ್ಣದ ದಪ್ಪ ಪುಸ್ತಕ ಇತ್ತಲ್ಲ". ಎಲ್ಲಿಂದ ಹುಡುಕುದು? ಕದಿಯುವ ಮನಸ್ಸು ಇಲ್ಲದವನೂ ಆಗ ಆಕರ ಇಲ್ಲದೇ ಬರೀತಾನೆ, ಯಾಕಂದ್ರೆ ಅವನ ಹತ್ರ ಆಕರವೇ ಉಳಿದಿರುದಿಲ್ಲ. ಹಾಗಾಗಿ ನಾನು ಈಗ ಹೇಳುದು, ಮೊದಲ ಫೋಟೋ ಮುಖಪುಟ, ಎರಡನೇದು ಅದರ ಹಿಂಬದಿ (ಪ್ರಕಾಶಕರು, ವರ್ಷ, ಎಷ್ಟನೇ ಮುದ್ರಣ ಎಲ್ಲ ಅಲ್ಲಿರ್ತದೆ), ಆಮೇಲೆ ಬೇಕಾದ್ದು ತೆಗಿ. ಅಷ್ಟು ಮಾಡಿದ್ರೆ ಅರ್ಧ ಕೆಲಸ ಆಯ್ತು.

ವರ್ಷ ಯಾಕೆ ಮುಖ್ಯ ಅಂತ ಕೇಳ್ತಾರೆ. ನಮ್ಮ ಜಿಲ್ಲೆದೇ ಉದಾಹರಣೆ ಕೊಡ್ತೇನೆ. "ಗೆಜೆಟಿಯರ್ ಪ್ರಕಾರ" (ಜಿಲ್ಲೆಯ ವಿವರ ಎಲ್ಲ ಇರುವ ಸರ್ಕಾರಿ ಪುಸ್ತಕ) ಅಂತ ಬರೀತಾರೆ, ಯಾವ ಗೆಜೆಟಿಯರ್? 1883ರದ್ದು ಒಂದಿದೆ, ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರಿನ 15ನೇ ಸಂಪುಟ, ಕೆನರಾ, ಎರಡು ಭಾಗ, ಸಂಪಾದಕರು ಜೇಮ್ಸ್ ಕ್ಯಾಂಪ್‌ಬೆಲ್. 1862ರಲ್ಲಿ ನಮ್ಮ ಜಿಲ್ಲೆ ಮದ್ರಾಸಿಂದ ಮುಂಬೈ ಪ್ರಾಂತ್ಯಕ್ಕೆ ಹೋಗಿತ್ತಲ್ಲ, ಅದಕ್ಕೇ ಬಾಂಬೆ ಹೆಸರು. ಇನ್ನೊಂದು ಕರ್ನಾಟಕ ಸರ್ಕಾರದ್ದು, 1985ರದ್ದು. ನಡುವೆ ನೂರು ವರ್ಷ. ಶಿರಸಿಯ ಜನಸಂಖ್ಯೆ, ಕಾಳುಮೆಣಸಿನ ವ್ಯಾಪಾರ, ಬಂದರಿನ ವಹಿವಾಟು ಯಾವುದು ತೆಗೆದ್ರೂ ಎರಡು ಪುಸ್ತಕದಲ್ಲಿ ಎರಡು ಲೋಕ. ಒಬ್ಬ ಹುಡುಗ 1883ರ ಅಂಕಿ ತೆಗೆದು "ಇಂದು ಕಾರವಾರದಲ್ಲಿ" ಅಂತ ಬರೆದು ತಂದಿದ್ದ. ಸಂಪುಟ, ಭಾಗ, ವರ್ಷ, ಪುಟ ನಾಲ್ಕೂ ಬರೆದಿದ್ರೆ ಅವನಿಗೇ ತಪ್ಪು ಕಾಣ್ತಿತ್ತು.

ಡಿಟಿಪಿ_ಅಂಕೋಲಾ

ನಾನು ಮಾಸ್ತರ ಅಲ್ಲ ಬಿಡಿ, ಆದ್ರೂ ಬರೀತೆ. 20 ವರ್ಷದಿಂದ ಟೈಪಿಂಗ್, ಝೆರಾಕ್ಸ್, ಸ್ಪೈರಲ್ ಬೈಂಡಿಂಗ್ ಅಂಗಡಿ ನಡೆಸ್ತೆ. ಮಾರ್ಚಿ ತಿಂಗಳು ಬಂತಂದ್ರೆ ಹುಡುಗ್ರು ಓಡಿ ಬರೂದು, "ಅಣ್ಣಾ ನಾಳೆ ಲಾಸ್ಟ್ ಡೇಟು, ಹೋದ ವರ್ಷದವರ ಪ್ರಾಜೆಕ್ಟ್ ಸಾಫ್ಟ್ ಕಾಪಿ ಇದ್ರೆ ಹೆಸರು ಬದಲ್ ಮಾಡಿ ಕೊಡು". ಮೊದಲು ಕೊಡ್ತಿದ್ದೆ, ಸುಳ್ಳು ಹೇಳೂದಿಲ್ಲ. ಈಗ ಮೂರು ವರ್ಷ ಆಯ್ತು ನಿಲ್ಲಿಸಿ. ನನ್ನ ಮಗಳು ಪಿಯುಸಿ ಮುಗಿಸಿ ಡಿಗ್ರಿ ಸೇರಿದ್ಲು, ಅವಳು ರಾತ್ರಿ ಕೂತು ಬರೆದ ಪ್ರಾಜೆಕ್ಟ್ ಅವಳ ಕ್ಲಾಸಿನವನೇ ಪೆನ್‌ಡ್ರೈವಲ್ಲಿ ತಂದು ನನ್ನ ಹತ್ರವೇ ಪ್ರಿಂಟ್ ಹಾಕು ಅಂದ, ಅವನ ಹೆಸರು ಹಾಕಿ. ಆವತ್ತು ಮಷಿನ್ ಆಫ್ ಮಾಡಿ ಮನೆಗೆ ಹೋದೆ. ಅವತ್ತಿನ ವರೆಗೆ ಅದು ಬರೀ ಹಾಳೆ ಅಂತ ಕಾಣ್ತಿತ್ತು.

ಇನ್ನೊಂದು ವಿಷಯ ಮಾಸ್ತರುಗಳಿಗೆ ಗೊತ್ತಿಲ್ಲದ್ದು ಹೇಳ್ತೆ. ಎಷ್ಟೋ ಮಕ್ಕಳು ಅಡಿಟಿಪ್ಪಣಿ ಬರೆದೇ ಬರೆದಿರ್ತಾರೆ, ಅದು ಕಳೆದು ಹೋಗೂದು ನಮ್ಮ ಅಂಗಡಿಯಲ್ಲಿ. ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ್ದನ್ನ ಯುನಿಕೋಡಿಗೆ ತಿರುಗಿಸೂವಾಗ ಮೇಲಿರೋ ಸಣ್ಣ ನಂಬರು ಹೋಗ್ತದೆ ಇಲ್ಲಾ ಒತ್ತಕ್ಷರ ಆಗ್ತದೆ, ಬೇರೆ ಸಿಸ್ಟಮಲ್ಲಿ ಓಪನ್ ಮಾಡಿದ್ರೆ ಕೆಳಗಿನ ಸಾಲು ಎಲ್ಲಾ ಇಂಗ್ಲಿಷ್ ಅಕ್ಷರದ ಗೊಬ್ಬರ ಕಾಣ್ತದೆ, ಟೈಪ್ ಮಾಡುವವ ಇದೆಂತದು ಅಂತ ಅಳಿಸಿಬಿಡ್ತಾನೆ. ಪುಟ ಹೆಚ್ಚಾದ್ರೆ ದುಡ್ಡು ಹೆಚ್ಚು ಅಂತ ಮಕ್ಕಳೇ ಕೊನೆಯ ಪುಸ್ತಕದ ಪಟ್ಟಿ ಬಿಡು ಅಣ್ಣಾ ಅನ್ನೂದೂ ಇದೆ. ಹಾಗಾಗಿ ಮೇಡಂ, ಮೊದಲೇ ಯುನಿಕೋಡಲ್ಲಿ ಟೈಪ್ ಮಾಡಿ ಅಂತ ಹೇಳಿ, ವರ್ಡಿನಲ್ಲೇ ಫುಟ್‌ನೋಟ್ ಬಟನ್ ಇದೆ, ಕೈಯಲ್ಲಿ ನಂಬರ್ ಕೊಡಬೇಡಿ ಅಂತ ಹೇಳಿ. ಆಕರಪಟ್ಟಿ ಪುಟಕ್ಕೆ ನಾನು ದುಡ್ಡು ತಗೊಳ್ಳೂದಿಲ್ಲ ಈಗ, ಎಷ್ಟೇ ಪುಟ ಇರ್ಲಿ.

ಶಿರಸಿ_ಕನ್ನಡಮೇಡಂ

ಅಣ್ಣಾ ನಿಮ್ಮದು ಓದಿ ಸುಮಾರು ಹೊತ್ತು ಹಾಗೇ ಕೂತಿದ್ದೆ. ಫಾಂಟಿನ ವಿಷಯ ನಿಜವಾಗ್ಲೂ ಗೊತ್ತಿರಲಿಲ್ಲ. ಎಷ್ಟು ಮಕ್ಕಳಿಗೆ ಆಕರ ಹಾಕಿಲ್ಲ ಅಂತ ಬೈದಿದ್ದೇನೋ.

ಘಟ್ಟ_ಇಳಿದವ

ಎಲ್ಲಾ ಸರಿ, ಆದ್ರೆ ಬಿಎ ಮಕ್ಕಳಿಗೆ ಇಷ್ಟೆಲ್ಲ ಎಂತಕ್ಕೆ ಅಂತ ನನ್ನ ಪ್ರಶ್ನೆ. ಅವು ದಿನಾ ಎರಡು ಬಸ್ಸು ಬದಲಿಸಿ ಬರೋ ಮಕ್ಕಳು, ಮಳೆಗಾಲದಲ್ಲಿ ವಾರಕ್ಕೆ ಮೂರು ದಿನ ಕರೆಂಟಿಲ್ಲ, ನೆಟ್‌ವರ್ಕ್ ಬೇಕಂದ್ರೆ ಗುಡ್ಡ ಹತ್ಬೇಕು. ಮತ್ತೆ ಬೇಜಾರು ಮಾಡ್ಕೊಬೇಡಿ ಮೇಡಂ, ನಾನು ಓದುವಾಗ ನನಗೆ ಪಾಠ ಮಾಡಿದವರು ಹಳದಿ ಆದ ನೋಟ್ಸ್ ಹಿಡ್ಕೊಂಡು ಡಿಕ್ಟೇಟ್ ಮಾಡ್ತಿದ್ರು, ಅದು ಯಾವ ಪುಸ್ತಕದ್ದು ಅಂತ ಒಂದು ದಿನ ಹೇಳಿದ್ದಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಬೇರೆ ಯಾವುದೋ ಪುಸ್ತಕ ಓದುವಾಗ ಆ ನೋಟ್ಸ್ ಪೂರ್ತಿ ಅಲ್ಲಿ ಸಿಕ್ತು, ಅಲ್ಪವಿರಾಮ ಸಮೇತ. ನಾವು ಅವರ ಸ್ವಂತ ವಿದ್ವತ್ತು ಅಂದ್ಕೊಂಡಿದ್ವಿ. ದೊಡ್ಡವರು ಮೊದಲು ಹೇಳೂದು ಕಲೀಲಿ, ಮಕ್ಕಳು ತಾನಾಗೇ ಕಲೀತಾರೆ.

ಶಿರಸಿ_ಕನ್ನಡಮೇಡಂ

ಬೇಜಾರಿಲ್ಲ, ನೀವು ಹೇಳಿದ್ದು ನನಗೂ ತಾಗ್ತದೆ. ನಾನೂ ಎಷ್ಟೋ ಸಲ "ವಿದ್ವಾಂಸರ ಅಭಿಪ್ರಾಯದಂತೆ" ಅಂತ ಹೇಳಿ ಮುಂದೆ ಹೋಗಿದ್ದೇನೆ, ಯಾವ ವಿದ್ವಾಂಸರು ಅಂತ ಹೇಳದೆ. ನಾಳೆಯಿಂದ ಬೋರ್ಡಿನ ಬಲಗಡೆ ಮೂಲೆಯಲ್ಲಿ ಅವತ್ತಿನ ಪಾಠ ಯಾವ ಪುಸ್ತಕದಿಂದ, ಎಷ್ಟನೇ ಪುಟದಿಂದ ಅಂತ ಬರೀತೇನೆ. ಆದ್ರೆ ಬಿಎಗೆ ಬೇಡ ಅನ್ನೂದಕ್ಕೆ ಒಪ್ಪೂದಿಲ್ಲ. ಹೆಚ್ಚಿನ ಮಕ್ಕಳು ಬಿಎಗೇ ನಿಲ್ಲಿಸ್ತಾರೆ, ಆಮೇಲೆ ಅವರಿಗೆ ಇದನ್ನ ಕಲಿಸೋರು ಯಾರೂ ಸಿಗೂದಿಲ್ಲ. ವಾಟ್ಸಾಪಲ್ಲಿ ಬಂದದ್ದನ್ನ "ಯಾರು ಹೇಳಿದ್ದು" ಅಂತ ಕೇಳೂಕಾದ್ರೂ ಬರಬೇಕಲ್ಲ.

ರಿಸರ್ಚ್_ಧಾರವಾಡ_ಬಸ್ಸು

ನಾನು ಪಿಎಚ್‌ಡಿ ಮಾಡ್ತಿದ್ದೇನೆ, ಯಲ್ಲಾಪುರದವ. ರೂಲ್ಸ್ ಬಗ್ಗೆ ತುಂಬಾ ತಪ್ಪು ಕಲ್ಪನೆ ಇದೆ, ಅದಷ್ಟು ಹೇಳಿಬಿಡ್ತೇನೆ. ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರಲ್ಲಿ ಕೃತಿಚೌರ್ಯ ತಡೆಗೆ ಅಂತಲೇ ನಿಯಮ ತಂದಿದೆ. ಬೇರೆಯವರ ಬರಹದ ಜೊತೆ ಶೇ 10ರ ತನಕ ಹೋಲಿಕೆ ಇದ್ರೆ ದಂಡ ಇಲ್ಲ. 10ರಿಂದ 40 ಆದ್ರೆ ತಿದ್ದಿ ಮತ್ತೆ ಕೊಡಬೇಕು, ಹೆಚ್ಚಂದ್ರೆ 6 ತಿಂಗಳ ಒಳಗೆ. 40ರಿಂದ 60 ಆದ್ರೆ ಒಂದು ವರ್ಷ ಕೊಡೋ ಹಾಗೇ ಇಲ್ಲ, 60 ದಾಟಿದ್ರೆ ರಿಜಿಸ್ಟ್ರೇಶನ್ನೇ ರದ್ದು. ಗೈಡ್‌ಗಳಿಗೂ ಬಿಟ್ಟಿಲ್ಲ, ಅಧ್ಯಾಪಕರು ಅವರ ಬರಹದಲ್ಲೇ ಹಿಂಗೆ ಮಾಡಿ 40 ದಾಟಿ ಸಿಕ್ಕಿಬಿದ್ರೆ ಇನ್‌ಕ್ರಿಮೆಂಟ್ ಕಟ್ಟು, ಹೊಸ ವಿದ್ಯಾರ್ಥಿಗಳನ್ನ ತಗೊಳ್ಳೂದು ಎರಡು ಮೂರು ವರ್ಷ ಬಂದ್. ಹೆಸರು ಹೇಳಿ ಉದ್ಧರಣ ಚಿಹ್ನೆಯೊಳಗೆ ಹಾಕಿದ್ದು, ಗ್ರಂಥಋಣ, ಪರಿವಿಡಿ, ಕೃತಜ್ಞತೆ, ಕಾನೂನಿನ ಪಠ್ಯ ಇವೆಲ್ಲ ಲೆಕ್ಕದಿಂದ ಹೊರಗೆ. ಸಾಮಾನ್ಯ ತಿಳುವಳಿಕೆಯ ಮಾತು ಸತತ 14 ಪದದ ತನಕ ಹೊಂದಿದ್ರೂ ಪರವಾಗಿಲ್ಲ.

ಈಗ ತೊಂದರೆ ಎಲ್ಲಿ ಅಂದ್ರೆ, ಎಲ್ಲರ ತಲೆಯಲ್ಲಿ ಉಳಿದದ್ದು ಆ "10 ಪರ್ಸೆಂಟ್" ಒಂದೇ. ಅದಕ್ಕೆ ಬೇಕಾದ ಹಾಗೆ ಶಬ್ದ ಬದಲಿಸೂದು, ವಾಕ್ಯ ಹಿಂದೆಮುಂದೆ ಮಾಡೂದು. ಗಾಂಧಿನಗರದಲ್ಲಿರೋ ಯುಜಿಸಿಯ ಲೈಬ್ರರಿ ಜಾಲದ ಸಂಸ್ಥೆ ಇನ್‌ಫ್ಲಿಬ್‌ನೆಟ್‌ನವರು 2019ರಿಂದ ಶೋಧಶುದ್ಧಿ ಅನ್ನೋ ಹೆಸರಲ್ಲಿ ಯುನಿವರ್ಸಿಟಿಗಳಿಗೆ ಚೆಕ್ ಮಾಡೋ ಸಾಫ್ಟ್‌ವೇರ್ ಕೊಡ್ತಿದ್ದಾರೆ, ಒಳ್ಳೇದೇ. ಆದ್ರೆ ಅದು ಹೋಲಿಕೆ ಹುಡುಕ್ತದೆ, ಕಳ್ಳತನ ಹುಡುಕೂದಿಲ್ಲ. ಸರಿಯಾಗಿ ಹೆಸರು ಹೇಳಿ ಉದ್ಧರಿಸಿದವನದ್ದು ಸೆಟ್ಟಿಂಗ್ ತಪ್ಪಿದ್ರೆ 25 ತೋರಿಸಬಹುದು, ಇಂಗ್ಲಿಷ್ ಪುಸ್ತಕದ ಇಡೀ ಅಧ್ಯಾಯ ಕನ್ನಡಕ್ಕೆ ತಿರುಗಿಸಿ ತನ್ನದು ಅಂದವನದ್ದು ಸೊನ್ನೆ ಬರಬಹುದು. ಕನ್ನಡದ್ದಂತೂ ಇನ್ನೂ ಕಷ್ಟ, ಹಳೇ ಪುಸ್ತಕ ಎಷ್ಟೋ ನೆಟ್ಟಲ್ಲಿ ಪಠ್ಯವಾಗಿ ಇಲ್ಲವೇ ಇಲ್ಲ, ಇದ್ರೂ ಫೋಟೋ ಪಿಡಿಎಫ್. ಅಂಕೋಲೆ ಅಣ್ಣ ಹೇಳಿದ ಹಳೇ ನುಡಿ ಫೈಲು ಹಾಕಿದ್ರೆ ಸಾಫ್ಟ್‌ವೇರಿಗೆ ಅದು ಕನ್ನಡ ಅಂತಲೇ ತಿಳಿಯೂದಿಲ್ಲ. ಹಾಗಾಗಿ ಮೇಡಂ, ಮಕ್ಕಳಿಗೆ ಪರ್ಸೆಂಟ್ ಹೇಳಿ ಹೆದರಿಸೂದ್ರಿಂದ ಶುರು ಮಾಡಬೇಡಿ, ಅವರು ಪರ್ಸೆಂಟ್ ಇಳಿಸೂದು ಕಲೀತಾರೆ, ಬರೆಯೂದು ಕಲಿಯೂದಿಲ್ಲ.

ಶಬ್ದ ಬದಲಿಸೋ ಈ ಅಭ್ಯಾಸಕ್ಕೆ ಪ್ಯಾಚ್‌ರೈಟಿಂಗ್ ಅಂತ ಹೆಸರಿಟ್ಟವರು ಅಮೆರಿಕದ ರೆಬೆಕ್ಕಾ ಮೂರ್ ಹೊವಾರ್ಡ್. ಅದನ್ನ ಬರೀ ಮೋಸ ಅಂತ ನೋಡಬೇಡಿ, ಹೊಸ ವಿಷಯದ ಭಾಷೆ ಇನ್ನೂ ಬಾಯಿಗೆ ಹತ್ತದವರು ಹಾಗೇ ಬರೆಯೂದು ಅನ್ನೂದು ಅವರ ವಾದ. ನನಗೆ ಅದು ಸರಿ ಅನ್ನಿಸ್ತದೆ. ಜೂನಿಯರ್‌ಗಳಿಗೆ ನಾನು ತೋರಿಸೂದು ಹೀಗೆ, ಮೂಲ ನಾನೇ ಬರೆದು ಕೊಡ್ತೇನೆ:

"ಗುತ್ತಿಗೆದಾರರು ಒಂದು ಮರ ಕಡಿಯುವ ಭರದಲ್ಲಿ ಸುತ್ತಲಿನ ಹಲವು ಮರಗಳನ್ನು ಹಾಳುಗೆಡವುತ್ತಿದ್ದರು, ಇದರಿಂದ ನೀರಿನ ಸೆಲೆಗಳು ಬತ್ತತೊಡಗಿದ್ದನ್ನು ಹಳ್ಳಿಗರು ಮೊದಲು ಗಮನಿಸಿದರು."

ಹುಡುಗರು ಮಾಡೂದು: "ಕಂತ್ರಾಟುದಾರರು ಒಂದು ವೃಕ್ಷ ಕತ್ತರಿಸುವ ಆತುರದಲ್ಲಿ ಸುತ್ತಮುತ್ತಲಿನ ಅನೇಕ ವೃಕ್ಷಗಳನ್ನು ನಾಶಮಾಡುತ್ತಿದ್ದರು, ಇದರಿಂದ ಜಲಮೂಲಗಳು ಒಣಗಲಾರಂಭಿಸಿದ್ದನ್ನು ಗ್ರಾಮಸ್ಥರು ಮೊದಲಿಗೆ ಕಂಡುಕೊಂಡರು."

ಮರ ವೃಕ್ಷ ಆಯ್ತು, ಹಳ್ಳಿಗರು ಗ್ರಾಮಸ್ಥರು ಆದ್ರು, ವಾಕ್ಯದ ಎಲುಬು ಅದೇ. ಕೆಳಗೆ ಹೆಸರು ಹಾಕಿದ್ರೂ ಇದು ಸರಿ ಅಲ್ಲ, ಯಾಕಂದ್ರೆ ಮಾತು ನಿನ್ನದು ಅಂತ ಓದುವವನಿಗೆ ಅನ್ನಿಸ್ತದೆ. ಆಗಬೇಕಾದ್ದು ಇದು: "ಕಡಿದ ಮರಕ್ಕಿಂತ ಕಡಿಯುವಾಗ ಹಾಳಾದ ಮರಗಳೇ ಹೆಚ್ಚು ಎಂದು ಈ ಲೇಖಕರು ಹೇಳುತ್ತಾರೆ (ಹೆಸರು, ವರ್ಷ, ಪುಟ). ನೀರು ಕಡಿಮೆಯಾದ ಸಂಗತಿ ಊರವರಿಗೇ ಮೊದಲು ತಿಳಿಯಿತು ಎಂಬ ಅವರ ಮಾತು ನಮ್ಮೂರಿನ ಕೆರೆಯ ಬಗ್ಗೆ ಹಿರಿಯರು ಹೇಳುವುದಕ್ಕೆ ಹೊಂದುತ್ತದೆ." ಇಲ್ಲಿ ಲೇಖಕ ಎಲ್ಲಿ ಮುಗಿದ, ಹುಡುಗ ಎಲ್ಲಿ ಶುರುವಾದ ಅಂತ ಕಾಣ್ತದೆ. ಮತ್ತೆ, ಚಳವಳಿ 1983ರಲ್ಲಿ ಶುರುವಾಯ್ತು ಅನ್ನೂದಕ್ಕೆ ಆಕರ ಬೇಡ, ಅದು ಎಲ್ಲರಿಗೂ ಗೊತ್ತಿರೋದು. ಯಾಕೆ ಶುರುವಾಯ್ತು ಅಂತ ಒಬ್ಬರ ವಿವರಣೆ ತಗೊಂಡ್ರೆ ಬೇಕೇ ಬೇಕು.

ಕಡಲ_ಜೀವಶಾಸ್ತ್ರ

ನಾವು ಕೋಡಿಬಾಗದಲ್ಲಿ ಮರೈನ್ ಬಯಾಲಜಿ ಓದೋರು, ಸೈನ್ಸಲ್ಲಿ ಇದೆಲ್ಲ ಇಲ್ಲ ಅಂದ್ಕೊಂಡಿದ್ದೆ, ಇನ್ನೂ ಜಾಸ್ತಿ ಇದೆ. ಗ್ರಾಫ್ ತೆಗೆದು ಹಾಕಿದ್ರೂ ಆಕರ, ಮೀನು ಇಳುವರಿಯ ಅಂಕಿ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಸಿಎಂಎಫ್‌ಆರ್‌ಐದು ತಗೊಂಡ್ರೂ ಯಾವ ವರ್ಷದ ವರದಿ ಅಂತ ಹೇಳ್ಬೇಕು, ಕಾಳಿ ಅಳಿವೆಯ ನೀರಿನ ಉಪ್ಪಿನಂಶ ನಾನೇ ಅಳೆದದ್ದಾ ಬೇರೆಯವರದ್ದಾ ಅಂತ ಬಿಡಿಸಿ ಹೇಳದಿದ್ರೆ ಅದು ಡೇಟಾ ಕದ್ದ ಹಾಗೆ.

ನಾನು ಹೇಳೂಕೆ ಬಂದದ್ದು ಎಐ ಬಗ್ಗೆ. ನನ್ನ ಫ್ರೆಂಡ್ ಒಬ್ಬ ಚಾಟ್‌ಜಿಪಿಟಿ ಹತ್ರ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಮೇಲೆ ಎಂಟು ರೆಫರೆನ್ಸ್ ಕೇಳಿದ, ಲೇಖಕರು, ಜರ್ನಲ್, ವಾಲ್ಯೂಮ್, ಪುಟ ಎಲ್ಲಾ ನೀಟಾಗಿ ಬಂತು, ಹಾಗೇ ಹಾಕಿದ. ನಮ್ಮ ಕಾಲೇಜಿನ ಮೇಡಂ ಒಂದೊಂದೇ ಹುಡುಕಿದ್ರು, ಐದು ಲೇಖನ ಭೂಮಿ ಮೇಲೇ ಇಲ್ಲ. ಜರ್ನಲ್ ಇದೆ, ಆ ಪುಟದಲ್ಲಿ ಬೇರೆ ಯಾವುದೋ ಏಡಿ ಬಗ್ಗೆ ಲೇಖನ ಇದೆ. ಅವನು ಮೋಸ ಮಾಡೂಕೆ ಹೊರಟದ್ದಲ್ಲ ಪಾಪ, ಅಷ್ಟು ನೀಟಾಗಿ ಇರೋದು ಸುಳ್ಳಾಗಿರ್ತದೆ ಅಂತ ಅವನಿಗೆ ಅನ್ನಿಸ್ಲೇ ಇಲ್ಲ. ಡಿಒಐ ನಂಬರ್ (ಪ್ರತಿ ಲೇಖನಕ್ಕೂ ಇರೋ ಗುರುತಿನ ಸಂಖ್ಯೆ) ಕೊಟ್ಟಿದ್ರೆ ಅದನ್ನ ಬ್ರೌಸರಲ್ಲಿ ಹಾಕಿ ತೆರೆದು ನೋಡೂದು, ಇಲ್ಲದಿದ್ರೆ ಗೂಗಲ್ ಸ್ಕಾಲರಲ್ಲಿ ಹೆಸರು ಹಾಕೂದು, ಪಿಎಚ್‌ಡಿ ಪ್ರಬಂಧ ಆದ್ರೆ ಶೋಧಗಂಗಾ ವೆಬ್‌ಸೈಟಲ್ಲಿ ನೋಡೂದು. ನಾನು ಓದದೇ ಇರೋದನ್ನ ನನ್ನ ಪಟ್ಟಿಲಿ ಹಾಕೂದಿಲ್ಲ ಅಂತ ಈಗ ನಾವು ನಾಲ್ಕು ಜನ ಮಾತಾಡ್ಕೊಂಡಿದ್ದೇವೆ. ಬೇರೆಯವರ ಪುಸ್ತಕದಲ್ಲಿ ಉದ್ಧರಿಸಿದ್ದನ್ನ ನೋಡಿ ತಗೊಂಡ್ರೆ "ಇವರಲ್ಲಿ ಉಲ್ಲೇಖಿತ" ಅಂತ ನಾನು ಓದಿದ ಪುಸ್ತಕದ ಹೆಸರನ್ನೇ ಹೇಳ್ಬೇಕು, ಮೂಲ ನೋಡಿದ ಹಾಗೆ ತೋರಿಸ್ಕೊಳ್ಳೂದಲ್ಲ. ಝೊಟೆರೋ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಕನ್ನಡ ಯುನಿಕೋಡನ್ನೂ ತಗೊಳ್ತದೆ, ಪಟ್ಟಿ ಅದೇ ಮಾಡ್ತದೆ. ಆದ್ರೆ ಅದು ಎತ್ತಿಕೊಂಡ ಹೆಸರು ವರ್ಷ ಒಮ್ಮೆ ಕಣ್ಣಲ್ಲಿ ನೋಡ್ಲೇಬೇಕು.

ಹೊನ್ನಾವರದ_ನಿವೃತ್ತ

ಎಲ್ಲರ ಮಾತನ್ನೂ ಓದಿದೆ. ನಾನು ಜಾನಪದ ಪಾಠ ಮಾಡಿ ನಿವೃತ್ತನಾದವನು. ಪುಸ್ತಕದ ಆಕರದ ಬಗ್ಗೆ ಇಷ್ಟು ಮಾತಾಡಿದಿರಿ, ಸಂತೋಷ. ಬಾಯಿಮಾತಿನ ಆಕರದ ಬಗ್ಗೆ ನಾನು ಹೇಳಬೇಕು, ಯಾಕೆಂದರೆ ಅಲ್ಲಿ ನಾನೇ ತಪ್ಪು ಮಾಡಿದ್ದೇನೆ.

ವಯಸ್ಸಿನಲ್ಲಿದ್ದಾಗ ಅಂಕೋಲೆ ಸುತ್ತಿನ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಿಗೆ (ಕೇರಿಗಳಿಗೆ) ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗುತ್ತಿದ್ದೆ. ಒಬ್ಬ ತಾಯಿ ಮೂರು ಸಂಜೆ ಕೂತು ಹಾಡಿದರು, ಗದ್ದೆ ಕೆಲಸ ಮುಗಿಸಿ ಬಂದು, ಕೈಕಾಲು ತೊಳೆದು, ಕತ್ತಲೆಯಾಗುವವರೆಗೆ. ಹಾಡನ್ನು ಲೇಖನ ಮಾಡಿದೆ, ಅಚ್ಚಾಯಿತು, ಹೆಸರೂ ಬಂತು. ಲೇಖನದಲ್ಲಿ "ಕ್ಷೇತ್ರಕಾರ್ಯದಲ್ಲಿ ಸಂಗ್ರಹಿಸಿದ್ದು" ಎಂದಷ್ಟೇ ಇತ್ತು. ಎಷ್ಟೋ ವರ್ಷದ ಮೇಲೆ ನನ್ನ ಕ್ಲಾಸಿಗೇ ಅವರ ಮೊಮ್ಮಗಳು ಬಂದಳು. ಆ ಲೇಖನದ ಝೆರಾಕ್ಸ್ ಹಿಡಿದುಕೊಂಡು ಸ್ಟಾಫ್‌ರೂಮಿಗೆ ಬಂದು ಕೇಳಿದಳು, "ಸರ್, ಇದು ನಮ್ಮ ಅಜ್ಜಿ ಹಾಡು. ಅವಳ ಹೆಸರು ಎಲ್ಲಿ?" ಹುಡುಗಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಎಲ್ಲೋ ಇರಬೇಕು, ತನಗೇ ಕಾಣುತ್ತಿಲ್ಲ ಎಂದುಕೊಂಡು ಕೇಳಿದ್ದಳು. ಅಷ್ಟರಲ್ಲಿ ಆ ತಾಯಿ ತೀರಿಕೊಂಡಿದ್ದರು. ಮರುಮುದ್ರಣದಲ್ಲಿ ಹೆಸರು ಸೇರಿಸಿದೆ, ಆದರೆ ಅವರು ನೋಡಲಿಲ್ಲ.

ನಮ್ಮ ಹಿರಿಯರು ಆಕರಪಟ್ಟಿಗೆ ಗ್ರಂಥಋಣ ಎಂದು ಹೆಸರಿಟ್ಟರು. ಬರೀ ಪಟ್ಟಿ ಅಂದಿದ್ದರೂ ಆಗುತ್ತಿತ್ತು, ಋಣ ಅಂದರು. ಆ ಋಣ ಅಚ್ಚಾದ ಪುಸ್ತಕಕ್ಕೆ ಮಾತ್ರ ಅಂತ ನಾನು ತಿಳಿದದ್ದು ತಪ್ಪು. ಹಾಡಿದವರ ಹೆಸರು, ಸುಮಾರು ವಯಸ್ಸು, ಊರು, ಕೇಳಿದ ದಿನಾಂಕ ಇಷ್ಟನ್ನು ಮಕ್ಕಳು ಬರೆಯಲೇಬೇಕು, ಹೆಸರು ಹಾಕಬಹುದಾ ಎಂದು ಮೊದಲು ಕೇಳಲೇಬೇಕು. ಬೇಡ ಅಂದರೆ ಹಾಕಬಾರದು, ಹಾಗೆಂದು ಟಿಪ್ಪಣಿಯಲ್ಲಿ ಬರೆಯಬೇಕು.

ಯಕ್ಷಗಾನದ ಮಕ್ಕಳಿಗೆ ಇನ್ನೊಂದು ಮಾತು. ಭಾಗವತರು ಹಾಡುವ ಪದ್ಯ ಪ್ರಸಂಗಕರ್ತರದ್ದು, ವೇಷಧಾರಿ ಆಡುವ ಅರ್ಥ ಅವನದೇ, ಆ ರಾತ್ರಿಯದೇ. ಯೂಟ್ಯೂಬ್ ನೋಡಿ ಪ್ರಬಂಧ ಬರೆಯುವವರು ಎರಡನ್ನೂ ಒಂದೇ ಹೆಸರಿಗೆ ಬರೆಯುತ್ತಾರೆ. ಪದ್ಯಕ್ಕೆ ಕವಿ, ಅರ್ಥಕ್ಕೆ ಕಲಾವಿದ, ಮತ್ತೆ ಮೇಳ, ಊರು, ಆಟದ ದಿನಾಂಕ, ವಿಡಿಯೋದ ಎಷ್ಟನೇ ನಿಮಿಷ ಎಲ್ಲ ಬೇರೆ ಬೇರೆ ಬರಬೇಕು.

ಘಟ್ಟ_ಇಳಿದವ

ಸರ್, ಮೊದಲು ಬರೆದದ್ದು ನಾನೇ, ಬಿಎ ಮಕ್ಕಳಿಗೆ ಎಂತಕ್ಕೆ ಅಂತ. ಆ ಮೊಮ್ಮಗಳು ಕೂಡ ಬಿಎ ಓದೋಳೇ ಇದ್ದಿರ್ಬೇಕು ಅಲ್ವಾ. ನನ್ನ ಮಾತು ವಾಪಸ್ ತಗೊಳ್ತೇನೆ.

ಶಿರಸಿ_ಕನ್ನಡಮೇಡಂ

ಎರಡು ವಾರ ಆಯ್ತು, ಏನು ಮಾಡಿದೆ ಅಂತ ಹೇಳೂಕೆ ಬಂದೆ. 42 ಹಾಳೆಯನ್ನೂ ಮಾರ್ಕ್ ಹಾಕದೇ ವಾಪಸ್ ಕೊಟ್ಟೆ, ಮತ್ತೆ ಬರೆಯೂಕೆ ಅವಕಾಶ ಇದೆ ಅಂದೆ. ಲೈಬ್ರರಿಯಿಂದ ಇಪ್ಪತ್ತೊಂದು ಪುಸ್ತಕ ಕ್ಲಾಸಿಗೇ ತಂದೆ. ಇಬ್ಬರಿಗೆ ಒಂದು. ಮೊದಲು ಎಲ್ಲರೂ ನೋಟ್‌ಬುಕ್ಕಿನ ಎಡಗಡೆ ಗೆರೆ ಎಳೆದು ಮುಖಪುಟ ನೋಡಿ ಯಾರು, ಯಾವ ಪುಸ್ತಕ, ಎಲ್ಲಿಂದ, ಯಾವ ವರ್ಷ ಅಂತ ಬರೆದ್ರು. ಮರುಮುದ್ರಣದ ವರ್ಷ ಬೇರೆ, ಮೊದಲ ಮುದ್ರಣದ್ದು ಬೇರೆ ಅಂತ ಸುಮಾರು ಮಕ್ಕಳು ಮೊದಲ ಸಲ ನೋಡಿದ್ರು. ಆಮೇಲೆ ಒಂದು ಪ್ಯಾರಾ ಓದಿ, ಪುಸ್ತಕ ಮುಚ್ಚಿ, ಪಕ್ಕದವರಿಗೆ ಮನೆ ಮಾತಲ್ಲಿ ಹೇಳಿ ಅಂದೆ. ಪುಸ್ತಕದ ಭಾಷೆಲಿ ಹೇಳೂ ಹಾಗಿಲ್ಲ.

ಕ್ಲಾಸು ಹೇಗಾಯ್ತು ಅಂದ್ರೆ, ಒಂದು ಬೆಂಚಲ್ಲಿ ಹವ್ಯಕರ ಮಾತು, ಇನ್ನೊಂದರಲ್ಲಿ ಕೊಂಕಣಿ, ಹಿಂದೆ ಕೂತ ಹುಡುಗ ಸಿದ್ದಿ ಸಮುದಾಯದವ, ಅವನ ಮನೆ ಮಾತಲ್ಲಿ ಪಕ್ಕದವನಿಗೆ ನಿಧಾನ ಬಿಡಿಸಿ ಹೇಳ್ತಿದ್ದ. ಅರ್ಥ ಆಗದಿದ್ದವರಿಗೆ ಹೇಳೂಕೆ ಬರಲಿಲ್ಲ, ಮತ್ತೆ ಪುಸ್ತಕ ತೆಗೆದು ಓದಿದ್ರು. ಹೇಳಿ ಆದ ಮೇಲೆ ಬರೆಯಿರಿ ಅಂದೆ. ಮನೆ ಮಾತಿಂದ ಪುಸ್ತಕದ ಕನ್ನಡಕ್ಕೆ ತಿರುಗಿಸೂವಾಗ ವಾಕ್ಯ ತಾನಾಗೇ ಅವರದ್ದಾಯ್ತು, ವೃಕ್ಷ ಗ್ರಾಮಸ್ಥರು ಯಾವುದೂ ಬರಲಿಲ್ಲ. ಕೊನೆಗೆ ಪುಸ್ತಕ ತೆರೆದು ಹೋಲಿಸಿ ಎಡಗಡೆಯ ಗೆರೆಯಲ್ಲಿ ಪುಟದ ನಂಬರ್ ಹಾಕಿದ್ರು. ಒಂದು ಗಂಟೆ ಸಾಲಲಿಲ್ಲ, ಮುಂದಿನ ಪಿರಿಯಡಿನ ಸರ್ ಬಾಗಿಲಲ್ಲಿ ನಿಂತು ಕೇಳ್ತಾ ಇದ್ರು.

ಗ್ರಂಥಪಾಲಕ ಸರ್‌ಗೆ ಒಂದು ಪ್ರಶ್ನೆ. ಇಂಗ್ಲಿಷ್ ಪದ್ಧತಿಲಿ ಅಡ್ಡಹೆಸರು ಮೊದಲು ಅಂತಾರೆ. ನಮ್ಮ ಕಡೆ ಹಾಗೆ ಮಾಡಿದ್ರೆ ಪಟ್ಟಿಲಿ ಸಾಲಾಗಿ ಹೆಗಡೆ, ಹೆಗಡೆ, ಭಟ್ಟ, ಭಟ್ಟ, ನಾಯಕ, ಗೌಡ ಆಗಿ ಯಾರು ಯಾರು ಅಂತಲೇ ತಿಳಿಯೂದಿಲ್ಲ.

ಕುಮಟಾ_ಗ್ರಂಥಪಾಲಕ

ಕನ್ನಡ ಪ್ರಬಂಧಕ್ಕೆ ಪುಸ್ತಕದ ಮೇಲೆ ಹೆಸರು ಹೇಗಿದೆಯೋ ಹಾಗೇ ಬರೆದು ಅಕಾರಾದಿ ಮಾಡಿ ಮೇಡಂ, ಇನಿಶಿಯಲ್ ಹಿಂದೆ ಹಾಕಿದ್ರೂ ಸರಿ. ಇಂಗ್ಲಿಷಲ್ಲಿ ಬರೆಯುವವರು ಅಡ್ಡಹೆಸರು ಮೊದಲು ಹಾಕ್ಲಿ, ಆದ್ರೆ ನಮ್ಮ ಕಡೆಯವರದ್ದಾದ್ರೆ ಇನಿಶಿಯಲ್ ಬಿಟ್ಟು ಪೂರ್ತಿ ಹೆಸರು ಬರೀಲಿ. ಆಕರ ಬರೆಯುವ ಪದ್ಧತಿ ಎಪಿಎ, ಎಂಎಲ್‌ಎ, ಕಾಲೇಜಿನವರು ಹೇಳಿದ್ದು ಯಾವುದಾದ್ರೂ ಆಗ್ಲಿ, ಒಂದು ಹಿಡಿದ್ರೆ ಕೊನೆ ತನಕ ಅದೇ. ಅಲ್ಪವಿರಾಮ ತಪ್ಪಿದ್ದಕ್ಕೆ ಮಾರ್ಕು ಕಡೀಬೇಡಿ ಮೊದಲ ವರ್ಷ, ಪುಟ ಇಲ್ಲದಿದ್ರೆ ಮಾತ್ರ ಬಿಡಬೇಡಿ.

ಶಿರಸಿ_ಕನ್ನಡಮೇಡಂ

ಆಯ್ತು ಸರ್, ಹಾಗೇ ಹೇಳ್ತೇನೆ. ಇನ್ನೊಂದು ಹೇಳೂಕಿತ್ತು. ನೀಲಿ ಇಂಕಿನ ಹುಡುಗಿ ಹೊಸ ಹಾಳೆ ತಂದು ಕೊಟ್ಟಳು ಇವತ್ತು. ಎರಡೇ ಪುಟ. ಪುಸ್ತಕದಿಂದ ಮೂರು ಕಡೆ ತಗೊಂಡಿದ್ದಾಳೆ, ಮೂರಕ್ಕೂ ಪುಟ ಇದೆ. ಉಳಿದದ್ದು ಅವಳ ಅಜ್ಜಿ ಹೇಳಿದ್ದು. ಗಂಡಸರು ಕಾಡಿಗೆ ಹೋದದ್ದನ್ನ ಎಲ್ಲರೂ ಬರೆದಿದ್ದಾರೆ, ಬೆಳಗಿನ ಜಾವ ಎದ್ದು ಅವಲಕ್ಕಿ ಕಲಸಿ ಬಾಳೆಲೆಯಲ್ಲಿ ಕಟ್ಟಿ ತಾವೂ ಹಿಂದೆ ನಡೆದದ್ದು, ಒಂದು ಮರಕ್ಕೆ ಇಬ್ಬರು ಮೂವರು ಸೇರಿ ನಿಂತದ್ದು, ತೊಗಟೆಯ ಒರಟು ಕೆನ್ನೆಗೆ ಒತ್ತಿ ಸಂಜೆ ತನಕ ಉರೀತಿದ್ದದ್ದು ಅಂತ. ನಾನು ಇದನ್ನ ಎಲ್ಲೂ ಓದಿರಲಿಲ್ಲ.

ನಿವೃತ್ತ ಸರ್, ನೀವು ಹೇಳಿದ ಹಾಗೆ ಹೆಸರು ಹಾಕಬಹುದಾ ಅಂತ ಕೇಳಿದ್ಲಂತೆ. ಅಜ್ಜಿ "ಪೂರ್ತಿ ಹೆಸರು ಬರೆ, ನನ್ನ ಅಪ್ಪನ ಮನೆ ಊರೂ ಹಾಕು" ಅಂದ್ರಂತೆ. ಈಗ ಹುಡುಗಿಗೆ ಒಂದೇ ಅನುಮಾನ, ಊರು ಅಂತ ಒಂದೇ ಜಾಗ ಇದೆಯಲ್ಲ, ಯಾವುದು ಬರೆಯೂದು?

ಹೊನ್ನಾವರದ_ನಿವೃತ್ತ

ಎರಡನ್ನೂ ಬರೆಯಲಿ ಮೇಡಂ. ಅಪ್ಪನ ಮನೆ ಮೊದಲು.